ಹೆಬ್ಬಾಳದ ಕಲ್ಲೂ ಹವ್ಯಾಸಿಯ ಮಸೂರವೂ

ಬೆಂಗಳೂರಿನಿಂದ ಬಳ್ಳಾರಿಯ ಹೆದ್ದಾರಿ ಹಿಡಿದು ಹೊರಡುವವರೆಲ್ಲರೂ ಹೆಬ್ಬಾಳವನ್ನು ದಾಟಿಯೇ ಹೋಗಬೇಕು. ಅಲ್ಲಿಯ ಕೆರೆಯನ್ನೂ ಅದರ ಪಕ್ಕದಲ್ಲಿ ಬಳಸಿ ಏರುವ ಮೇಲುಸೇತುವೆಯನ್ನೂ ಕಾಣದವರಿಲ್ಲ. ಆದರೆ ಈ ಊರಿನ ಹೆಸರಿಗೆ ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾದ ಸಾಕ್ಷಿಯೊಂದು ಕಲ್ಲಿನಲ್ಲಿ ಉಳಿದಿದೆಯೆಂಬುದು ೨೦೧೮ರವರೆಗೆ ವಿದ್ವಾಂಸರಿಗೂ ತಿಳಿದಿರಲಿಲ್ಲ. ಆ ವರ್ಷ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗದೊರೆ ಶ್ರೀಪುರುಷನ ಆಳ್ವಿಕೆಗೆ, ಎಂದರೆ ಕ್ರಿ. ಶ. ೭೫೦ರ ಸುಮಾರಿಗೆ, ಸೇರಿದುದು. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಆಕೃತಿಯೂ ಅವನ ಹೆಸರೂ ಅದರ ಮೇಲಿವೆ. ‘ಪೆರ್ಬೊಳಲ್ ನಾಡು’ ಎಂಬ ಮಾತೂ ಇದೆ. ಪೆರ್ಬೊಳಲೇ ಹೆಬ್ಬೊಳಲಾಗಿ ಹೆಬ್ಬಾಳವಾಯಿತೆಂದು ಬಲ್ಲವರು ಹೇಳುತ್ತಾರೆ. ಬೆಂಗಳೂರು ನಗರದ ಎಲ್ಲೆಯೊಳಗೆ ಇದುವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಎಣಿಕೆ.

ಇಂತಹ ಕಲ್ಲಿನ ಮುಂದೆ ಒಳ್ಳೆಯ ಕ್ಯಾಮರಾ ಹಿಡಿದು ನಿಂತ ಹವ್ಯಾಸಿ ಎಷ್ಟೋ ಸಲ ನಿರಾಶನಾಗಿ ಹಿಂದಿರುಗುವುದುಂಟು. ಬೆರಳಿಟ್ಟು ತಡವಿದರೆ ಸಿಕ್ಕುವ ಅಕ್ಷರ ಚಿತ್ರದಲ್ಲಿ ಸಿಕ್ಕದು. ಬೂದುಬಣ್ಣದ ಹಲಗೆಯೊಂದು ಮಾತ್ರ ಮೂಡಿರುತ್ತದೆ. ತಪ್ಪು ಯಂತ್ರದ್ದೆಂದು ಬಗೆದು ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದನ್ನು ಕೊಳ್ಳುವವರೂ ಉಂಟು. ಅದೇ ಮನುಷ್ಯನು ಅದೇ ಯಂತ್ರವನ್ನು ಹಿಡಿದು ಅದೇ ಕಲ್ಲಿನ ಬಳಿಗೆ ಬೇರೊಂದು ಹೊತ್ತಿನಲ್ಲಿ ಬಂದಿದ್ದರೆ ಒಂದೊಂದು ಗೀರೂ ಎದ್ದು ತೋರುತ್ತಿತ್ತು. ಒಳ್ಳೆಯ ಛಾಯಾಚಿತ್ರವು ಬೆಳಕನ್ನು ಕಾಯುವುದರಿಂದಲೂ ಹೋದಲ್ಲಿಗೆ ಮತ್ತೆ ಹೋಗುವುದರಿಂದಲೂ ಬರುತ್ತದೆ. ಹಣಕ್ಕಾಗಿ ಚಿತ್ರ ತೆಗೆಯುವವನಿಗೆ ದಿನವೂ ಹೊತ್ತೂ ಗೊತ್ತಾಗಿರುತ್ತವೆ. ಹವ್ಯಾಸಿಗೆ ಆ ಕಟ್ಟಿಲ್ಲ. ಬಿಡುವೇ ಅವನ ನಿಜವಾದ ಬಂಡವಾಳ. ಕನ್ನಡನಾಡಿನಲ್ಲಿ ಛಾಯಾಗ್ರಹಣವು ನಡೆದುಬಂದ ದಾರಿಯನ್ನು ನೋಡಿದರೆ ಈ ಮಾತು ತಾನಾಗಿಯೇ ಸ್ಪಷ್ಟವಾಗುತ್ತದೆ. ಏಕೆಂದರೆ ಇಲ್ಲಿ ಈ ವಿದ್ಯೆಯನ್ನು ಮೊದಲು ನೆಲೆಗೊಳಿಸಿದವರಲ್ಲಿ ಬಹುಮಂದಿ ಹವ್ಯಾಸಿಗಳೇ.

೧

ಫ್ರಾನ್ಸ್ ದೇಶದ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದುದು ೧೮೩೯ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಪಡೆದು, ಒಂದರಿಂದ ಹಲವು ಪ್ರತಿಗಳನ್ನು ತೆಗೆಯುವ ಉಪಾಯವನ್ನು ೧೮೪೧ರಲ್ಲಿ ಪೇಟೆಂಟು ಮಾಡಿಸಿದನು. ಇದಾದ ಹದಿಮೂರು ವರ್ಷಗಳಿಗೆ, ೧೮೫೪ರಲ್ಲಿ, ಲಿನೇಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಅಧಿಕಾರಿ ರಜೆಯಿಂದ ಮರಳಿ ಬೆಂಗಳೂರಿನ ದಂಡಿಗೆ ಬಂದರು. ತಾಯ್ನಾಡಿನಲ್ಲಿದ್ದ ರಜೆಯ ದಿನಗಳಲ್ಲಿ ಅವರು ಈ ಹೊಸ ವಿದ್ಯೆಯನ್ನು ಕೇವಲ ಆಸಕ್ತಿಯಿಂದ ಕಲಿತು, ೧೮೫೩ರಲ್ಲಿ ಲಂಡನ್ನಿನ ಛಾಯಾಚಿತ್ರ ಸಂಘದ ಸದಸ್ಯರಾಗಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಅವರು ತಮ್ಮ ಸಾಮಗ್ರಿಗಳನ್ನು ಹೊರಿಸಿಕೊಂಡು ಹಳೇಬೀಡು ಬೇಲೂರುಗಳಿಗೆ ಹೋದರು. ಅಲ್ಲಿ ತೆಗೆದ ಚಿತ್ರಗಳು ೧೮೫೫ರ ಮದರಾಸಿನ ಪ್ರದರ್ಶನದಲ್ಲಿ ಮೊದಲ ದರ್ಜೆಯ ಪದಕವನ್ನು ಪಡೆದುವು.

ಅಂದಿನ ಕಷ್ಟವನ್ನು ಇಂದಿನವರು ಊಹಿಸುವುದೂ ಕಠಿನ. ಕಾಗದಕ್ಕೆ ಮೇಣವನ್ನು ಕುಡಿಸಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಕತ್ತಲಲ್ಲಿ ಆರಿಸಿ, ಅದನ್ನು ದೊಡ್ಡ ಮರದ ಪೆಟ್ಟಿಗೆಯೊಳಗಿಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಅಷ್ಟು ಹೊತ್ತಿನಲ್ಲಿ ಗಾಳಿಗೆ ಅಲುಗಿದ ಎಲೆ ಮಬ್ಬಾಗುವುದು. ನಡೆದುಹೋದ ಮನುಷ್ಯನು ಮೂಡುವುದೇ ಇಲ್ಲ. ಇನ್ನೊಂದು ತೊಡಕೂ ಇತ್ತು. ಆ ಕಾಗದವು ನೀಲಿಯ ಬೆಳಕಿಗೆ ಬಹು ಬೇಗ ಸ್ಪಂದಿಸುತ್ತಿತ್ತು, ಹಸುರಿಗೆ ಬಹಳ ಕಡಿಮೆ. ಆದುದರಿಂದ ಆಕಾಶ ಬರಿ ಬಿಳುಪಾಗಿಯೂ ಮರಗಳು ಕಪ್ಪು ಮುದ್ದೆಗಳಾಗಿಯೂ ಬರುತ್ತಿದ್ದುವು. ಟ್ರೈಪ್ ಸಾಹೇಬರು ನೆಗೆಟಿವಿನ ಮೇಲೆ ಕುಂಚದಿಂದ ಮೋಡಗಳನ್ನು ಬರೆದು ಈ ಕೊರತೆಯನ್ನು ತುಂಬಿಸಿದರು. ಛಾಯಾಚಿತ್ರವನ್ನು ತಿದ್ದುವ ಚಾಳಿ ಇಂದಿನ ಗಣಕಯಂತ್ರದ ಕೂಸೆಂದು ತಿಳಿದವರು ಈ ಸಂಗತಿಯನ್ನು ನೆನೆಯಬೇಕು. ಆದರೆ ಭೇದವೊಂದುಂಟು: ಆತನು ತನ್ನ ಕಾಗದಕ್ಕೆ ಕಾಣದ ಆಕಾಶವನ್ನು ತುಂಬಿಕೊಟ್ಟನು, ಕಲ್ಲಿನ ಕೆತ್ತನೆಗೆ ಏನನ್ನೂ ಸೇರಿಸಲಿಲ್ಲ.

೧೮೫೫ರಲ್ಲಿ ಬರ್ಮಾದ ಆವಾ ದೊರೆಯ ಬಳಿಗೆ ಹೊರಟ ನಿಯೋಗದೊಡನೆ ಟ್ರೈಪ್ ಹೋಗಿಬಂದರು. ಮಳೆಯೂ ಅನಾರೋಗ್ಯವೂ ಬಹು ದಿನಗಳನ್ನು ನುಂಗಿದುವು. ಅಲ್ಲಿಂದ ತಂದ ನೆಗೆಟಿವುಗಳಲ್ಲಿ ೧೨೦ನ್ನು ಆರಿಸಿ, ಬೆಂಗಳೂರಿನಲ್ಲಿ ಕುಳಿತು, ಒಂದೊಂದಕ್ಕೆ ೫೦ ಪ್ರತಿಗಳಂತೆ ಆರು ಸಾವಿರ ಚಿತ್ರಗಳನ್ನು ಅವರು ಸಿದ್ಧಪಡಿಸಿದರು. ತರುವಾಯ ಮದರಾಸು ಸರ್ಕಾರದ ಛಾಯಾಗ್ರಾಹಕರಾಗಿ ಶ್ರೀರಂಗ, ತಂಜಾವೂರು, ಮಧುರೆಗಳನ್ನು ಸುತ್ತಿದರು. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಅವರು ಮಾಡಿದ ಕೆಲಸವು ಈ ಪ್ರಬಂಧಕ್ಕೆ ಮುಖ್ಯವಾದುದು. ವಿಮಾನದ ಅಡಿಪಾಯವನ್ನು ಸುತ್ತಿಬರುವ ಶಾಸನವನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಅಸಾಧ್ಯವೆಂದು ಕಂಡು, ಹೆಜ್ಜೆ ಹೆಜ್ಜೆಗೆ ಸರಿದು ನಿಂತು ೨೧ ಚಿತ್ರಗಳನ್ನು ತೆಗೆದು, ಅವನ್ನು ಒಂದಕ್ಕೊಂದು ಜೋಡಿಸಿ ಸುಮಾರು ಹತ್ತೊಂಬತ್ತು ಅಡಿ ಉದ್ದದ ಸುರುಳಿಯನ್ನು ಮಾಡಿದರು. ಶಾಸನವನ್ನು ಓದಲಾಗುವಂತೆ ಚಿತ್ರದಲ್ಲಿ ಇಳಿಸಬೇಕೆಂಬ ಹಂಬಲವು ದಕ್ಷಿಣದೇಶದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದೇ ನಿದರ್ಶನ. ಇಷ್ಟು ದುಡಿದರೂ ಖರ್ಚು ಹೆಚ್ಚಾಯಿತೆಂದು ಮದರಾಸಿನ ಗವರ್ನರ್ ಟ್ರೆವೆಲಿಯನ್ ಆ ಏರ್ಪಾಡನ್ನು ನಿಲ್ಲಿಸಿಬಿಟ್ಟರು.

೨

ಇದೇ ಕಾಲದಲ್ಲಿ ಕನ್ನಡನಾಡಿನ ಬೇರೆ ಭಾಗಗಳಲ್ಲಿಯೂ ಸೈನ್ಯದ ಅಧಿಕಾರಿಗಳೂ ವೈದ್ಯರೂ ಈ ಕೆಲಸವನ್ನು ಕೈಕೊಂಡಿದ್ದರು. ಮುಂಬಯಿ ಸರ್ಕಾರವು ೧೮೫೫ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಚಿತ್ರಿಸಲು ತೋಪಖಾನೆಯ ಬಿಗ್ಸ್ ಎಂಬವರನ್ನು ನೇಮಿಸಿತು. ಅವರ ತರುವಾಯ ಪಿಗೌ ಎಂಬ ವೈದ್ಯರು ಆ ಕಾರ್ಯವನ್ನು ಮುಂದುವರಿಸಿದರು. ಹಳೇಬೀಡು ಬೇಲೂರುಗಳನ್ನು ನೀಲ್ ಎಂಬ ಮತ್ತೊಬ್ಬ ವೈದ್ಯರು ಚಿತ್ರಿಸಿದರು. ಈ ಮೂವರ ಚಿತ್ರಗಳೂ ಸೇರಿ, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಇವರ ಬರಹಗಳೊಡನೆ, ಧಾರವಾಡ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ೧೮೬೬ರಲ್ಲಿ ಹೊರಬಂದುವು. ರೋಗಿಗಳನ್ನು ನೋಡುವುದೇ ವೃತ್ತಿಯಾಗಿದ್ದವರು ಬಿಡುವಿನಲ್ಲಿ ಬಿತ್ತಿದ ಬೀಜ ಇಂತಹ ಫಲವನ್ನು ಕೊಟ್ಟಿತು.

ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿಯ ಕಥೆ ಇನ್ನೂ ಸ್ವಾರಸ್ಯವಾದುದು. ೧೮೫೬ರಲ್ಲಿ ಅವರು ಹಂಪೆಯ ಹಾಳುಗಳ ನಡುವೆ ಓಡಾಡಿ ಸುಮಾರು ಅರವತ್ತು ದೊಡ್ಡ ಗಾತ್ರದ ಮೇಣಗಾಗದದ ನೆಗೆಟಿವುಗಳನ್ನು ತೆಗೆದರು. ಅವುಗಳಿಗೆ ಬಹುಕಾಲ ಸಲ್ಲಬೇಕಾದ ಪ್ರಸಿದ್ಧಿ ಸಲ್ಲಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ ಆ ನೆಗೆಟಿವುಗಳು ಮತ್ತೆ ವಿದ್ವಾಂಸರ ಕೈಗೆ ಬಂದುವು. ಆಗ, ೧೯೮೦ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಹಂಪೆಗೆ ಬಂದು, ಗ್ರೀನ್‌ಲಾ ಎಲ್ಲೆಲ್ಲಿ ನಿಂತಿದ್ದರೋ ಅಲ್ಲಲ್ಲಿಯೇ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ, ಯಾವ ಗಾರೆಯ ಕೆಲಸ ಉದುರಿತು, ಯಾವ ಕಂಬ ಉರುಳಿತು, ಯಾವುದನ್ನು ಎತ್ತಿ ನಿಲ್ಲಿಸಲಾಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಗ್ರೀನ್‌ಲಾ ತಮ್ಮ ಚಿತ್ರಗಳನ್ನು ಅಲಂಕಾರದ ಚಮತ್ಕಾರಕ್ಕೆ ಒಡ್ಡದೆ, ನಿಂತ ನೆಲೆ ಗೊತ್ತಾಗುವಂತೆ, ನೆಟ್ಟಗೆ, ಸ್ಪಷ್ಟವಾಗಿ ತೆಗೆದುದರಿಂದಲೇ ಇದು ಸಾಧ್ಯವಾಯಿತು.

೩

ಮುಂದಿನ ಐವತ್ತು ವರ್ಷಗಳಲ್ಲಿ ಯಂತ್ರವು ಹಗುರವಾಗುತ್ತ ಬಂದಿತು. ೧೮೭೧ರಲ್ಲಿ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಒಣ ಫಲಕದ ದಾರಿಯನ್ನು ತೋರಿಸಿದನು. ೧೮೮೮ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಕ್ ಕ್ಯಾಮರಾವನ್ನು ಮಾರಾಟಕ್ಕೆ ತಂದನು. ೧೯೦೦ರಲ್ಲಿ ಒಂದೇ ಡಾಲರಿಗೆ ಬ್ರೌನಿ ಎಂಬ ಪೆಟ್ಟಿಗೆ ದೊರೆಯಿತು. ೧೯೨೫ರಲ್ಲಿ ಜರ್ಮನಿಯ ಲೈಕಾ ಅಂಗಿಯ ಜೇಬಿಗೆ ಹಿಡಿಸುವಷ್ಟು ಚಿಕ್ಕದಾಯಿತು. ಚಿತ್ರ ತೆಗೆಯುವುದು ಸುಲಭವಾದಷ್ಟೂ ನೋಡುವ ತಾಳ್ಮೆ ಕುಗ್ಗುತ್ತ ಹೋಯಿತೆಂದು ಹಿರಿಯರು ಆಗಲೇ ಗೊಣಗತೊಡಗಿದ್ದರು. ಒಂದು ನೆಗೆಟಿವಿಗಾಗಿ ಅರ್ಧ ದಿನ ದುಡಿಯಬೇಕಾಗಿದ್ದವನು ಪೆಟ್ಟಿಗೆಯನ್ನು ಇಳಿಸುವ ಮುನ್ನ ಸ್ಥಳವನ್ನು ಮೂರು ಸುತ್ತು ಸುತ್ತುತ್ತಿದ್ದನು. ಗುಂಡಿ ಒತ್ತಿದರೆ ಸಾಕೆಂದಾದ ಮೇಲೆ ಆ ಸುತ್ತಾಟ ತಪ್ಪಿತು.

ಬೆಂಗಳೂರಿನಲ್ಲಿ ಈ ಕಾಲದಲ್ಲಿ ವೆಲ್ಲಿಂಗ್, ವೇಲ್ ಮೊದಲಾದವರ ಸ್ಟುಡಿಯೋಗಳು ಹೆಸರು ಪಡೆದುವು. ಮದುವೆಯಾದ ದಂಪತಿಗಳೂ ಪದವಿ ಪಡೆದ ಯುವಕರೂ ಅಲ್ಲಿ ಬಣ್ಣದ ಪರದೆಯ ಮುಂದೆ ಕುಳಿತು ಚಿತ್ರ ತೆಗೆಯಿಸಿಕೊಂಡರು. ಹಳ್ಳಿಯ ಕಲ್ಲುಗಳ ಕಡೆಗೆ ತಿರುಗಿದವರು ಬೇರೆಯವರು. ರೈಸ್ ಸಾಹೇಬರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಹೊರತಂದರು; ಬೆಂಗಳೂರು ಜಿಲ್ಲೆಗೆ ಮೀಸಲಾದ ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಅಚ್ಚಾಯಿತು. ಆ ಬಳಿಕ ಪ್ರಾಕ್ತನ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರ ವಾರ್ಷಿಕ ವರದಿಗಳಲ್ಲಿ ಶಾಸನದ ಪಾಠದ ಜೊತೆಗೆ ದೇವಾಲಯಗಳ ಮತ್ತು ಶಿಲ್ಪಗಳ ಛಾಯಾಚಿತ್ರಗಳೂ ಸ್ಥಾನ ಪಡೆದುವು.

ಶಾಸನವನ್ನು ಎತ್ತಿಕೊಳ್ಳುವ ಹಳೆಯ ಕ್ರಮ ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು ಗೀರುಗಳೊಳಕ್ಕೆ ಇಳಿಸಿ, ಮೇಲೆ ಮಸಿ ತಟ್ಟಿದರೆ ಅಕ್ಷರ ಬಿಳಿದಾಗಿಯೂ ಹಿನ್ನೆಲೆ ಕಪ್ಪಾಗಿಯೂ ಬರುತ್ತದೆ. ಅಕ್ಷರಕ್ಕೆ ಇದು ಬಹು ನಂಬಿಕೆಯ ಕ್ರಮ. ಆದರೆ ಮಡಿದ ವೀರನ ಮುಖ, ಅವನು ಹಿಡಿದ ಕತ್ತಿಯ ವಂಕಿ, ಮೇಲಿನ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು, ಕಲ್ಲು ನಿಂತ ಬೇವಿನ ಕಟ್ಟೆ, ಹಿಂದಿನ ಕೆರೆಯ ಏರಿ ಇವು ಯಾವುವೂ ಪಡಿಯಚ್ಚಿಗೆ ಸಿಕ್ಕುವುದಿಲ್ಲ. ಅದಕ್ಕೆ ಛಾಯಾಚಿತ್ರವೇ ಬೇಕು.

೪

ಸ್ವಾತಂತ್ರ್ಯದ ಆಚೀಚೆಗೆ ಬೆಂಗಳೂರು ಹವ್ಯಾಸಿಗಳ ದೊಡ್ಡ ಕೇಂದ್ರವಾಯಿತು. ಮೈಸೂರು ಫೋಟೋಗ್ರಾಫಿಕ್ ಸೊಸೈಟಿಯ ಕೂಟಗಳಲ್ಲಿ ಸರ್ಕಾರಿ ನೌಕರರೂ ವರ್ತಕರೂ ವೈದ್ಯರೂ ತಾವು ತೆಗೆದ ಚಿತ್ರಗಳನ್ನು ಮುಂದಿಟ್ಟು ಒಬ್ಬರಿಂದೊಬ್ಬರು ತಿದ್ದಿಸಿಕೊಂಡರು. ೧೯೫೩ರಲ್ಲಿ ಅಖಿಲ ಭಾರತದ ಸಂಘಗಳನ್ನೆಲ್ಲ ಒಂದುಗೂಡಿಸಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಸ್ಥಾಪಿತವಾದಾಗ, ಅದರ ಕಾರ್ಯಭಾರವನ್ನು ಹೊತ್ತವರಲ್ಲಿ ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್ ಮುಖ್ಯರು. ‘ವ್ಯೂಫೈಂಡರ್’ ಎಂಬ ಪತ್ರಿಕೆಯನ್ನು ಸಂಪಾದಿಸಿ, ಭಾರತದ ಛಾಯಾಗ್ರಹಣದ ಚರಿತ್ರೆಯನ್ನೂ ಅವರು ಬರೆದರು. ೧೯೭೧ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿ ಕಿರಿಯರಿಗೆ ಆಸರೆಯಾಯಿತು.

ಈ ಪರಂಪರೆಯಲ್ಲಿ ಟಿ. ಎನ್. ಎ. ಪೆರುಮಾಳ್ ಅವರ ಹೆಸರು ಬಹು ದೊಡ್ಡದು. ೧೯೩೨ರಲ್ಲಿ ಹುಟ್ಟಿ ೨೦೧೭ರಲ್ಲಿ ತೀರಿಕೊಂಡ ಇವರು ಓ. ಸಿ. ಎಡ್ವರ್ಡ್ಸ್ ಎಂಬವರ ಬಳಿ ಪಾಠ ಕಲಿತು ವನ್ಯಜೀವಿಗಳ ಚಿತ್ರಣಕ್ಕೆ ತಮ್ಮ ಬಾಳನ್ನೇ ಮುಡುಪಿಟ್ಟರು. ಗೂಡಿನ ಎದುರಿಗೆ ಮರೆ ಕಟ್ಟಿ, ಹಕ್ಕಿಗೆ ಆ ಮರೆ ರೂಢಿಯಾಗುವವರೆಗೆ ದಿನಗಟ್ಟಲೆ ಕಾದು, ರಾತ್ರಿಯಲ್ಲಿ ಗೂಬೆಯ ಬರವನ್ನು ನಿರೀಕ್ಷಿಸಿ ಅವರು ತೆಗೆದ ಚಿತ್ರಗಳು ಲೋಕಪ್ರಸಿದ್ಧವಾದುವು. ಚಿತ್ರಕ್ಕಿಂತ ಪ್ರಾಣಿಯ ಹಿತ ಮೊದಲು ಎಂಬುದು ಅವರು ಶಿಷ್ಯರಿಗೆ ಕಲಿಸಿದ ಕಟ್ಟಳೆ. ಸಂಡೂರಿನ ಎಂ. ವೈ. ಘೋರ್ಪಡೆಯವರು ೧೯೭೨ರಿಂದ ೧೯೭೭ರವರೆಗೆ ರಾಜ್ಯದ ಅರ್ಥಸಚಿವರಾಗಿದ್ದವರು. ಆದರೂ ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಂದಲೇ ಅವರನ್ನು ನೆನೆಯುವವರು ಬಹುಮಂದಿ. ೧೯೮೩ರಲ್ಲಿ ಬಂದ ಅವರ ಪುಸ್ತಕದ ಹೆಸರಿಗೆ ಬಿಸಿಲು ನೆರಳುಗಳೆಂದು ಅರ್ಥ. ಮೂಡಿಗೆರೆಯ ತೋಟದಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದುದನ್ನು ಕನ್ನಡದ ವಾಚಕರಿಗೆ ಹೇಳಬೇಕಾದುದಿಲ್ಲ. ಮೂವರ ಜೀವನವೂ ಬೇರೆ ಬೇರೆ; ಆದರೆ ಒಂದೇ ಮರದಡಿಗೆ, ಒಂದೇ ನೀರಿನ ಅಂಚಿಗೆ, ಮತ್ತೆ ಮತ್ತೆ ಹೋದುದು ಮೂವರಿಗೂ ಸಮಾನ.

ಮನುಷ್ಯರ ಚಿತ್ರಕ್ಕೆ ಮೈಸೂರಿನ ಟಿ. ಎಸ್. ಸತ್ಯನ್ ಅವರೇ ಆದರ್ಶ. ಎಳೆಯ ವಯಸ್ಸಿನಲ್ಲಿ ಹವ್ಯಾಸವಾಗಿ ಹಿಡಿದ ಕ್ಯಾಮರಾವನ್ನೇ ಮುಂದೆ ವೃತ್ತಿಯಾಗಿಸಿಕೊಂಡ ಇವರು ಬಿಸಿಲಲ್ಲಿ ಆಡುವ ಮಕ್ಕಳನ್ನೂ ಜಗುಲಿಯ ಮುದುಕರನ್ನೂ ಚಿತ್ರಿಸಿದರು. ೧೯೭೯ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಬೆಳಕಿನ ಬಗೆಗೆ ಇನ್ನೊಂದು ಪಾಠವನ್ನು ಕಲಿಸಿದವರು ಚಲಚ್ಚಿತ್ರದ ವಿ. ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ವಿದ್ಯೆ ಕಲಿತ ಇವರು ೧೯೫೯ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಸ್ಟುಡಿಯೋದ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ, ಕತ್ತಲ ನಡುವೆ ಬೆಳಕಿನ ಕಂಬವೊಂದನ್ನು ನಿಲ್ಲಿಸಿದರು. ದೊಡ್ಡ ದೀಪಗಳಿಂದ ಆಗದುದು ಎರಡು ಕನ್ನಡಿಗಳಿಂದ ಆಯಿತು.

೫

ಇನ್ನು ಹೆಬ್ಬಾಳ ಯಲಹಂಕಗಳ ಸುತ್ತಿನ ಕಲ್ಲುಗಳ ಮುಂದೆ ನಿಲ್ಲುವ ಹವ್ಯಾಸಿಗೆ ಈ ಚರಿತ್ರೆ ಏನನ್ನು ಕಲಿಸುತ್ತದೆಂಬುದನ್ನು ನೋಡಬಹುದು. ಶಿಲೆಯಲ್ಲಿ ಅಕ್ಷರವೆಂದರೆ ಒಂದು ತಗ್ಗು. ತಗ್ಗು ಕಣ್ಣಿಗೆ ಕಾಣುವುದು ಅದರಲ್ಲಿ ನೆರಳು ಬಿದ್ದಾಗ. ಬಿಸಿಲು ಎದುರಿನಿಂದ ನೆಟ್ಟಗೆ ಬಿದ್ದರೆ ನೆರಳಿಲ್ಲ, ಅಕ್ಷರವೂ ಇಲ್ಲ. ಕ್ಯಾಮರಾದ ಮೇಲೆಯೇ ಕುಳಿತ ಫ್ಲಾಷ್ ದೀಪ ಮಾಡುವ ಕೇಡೂ ಇದೇ. ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಓರೆಯಾಗಿ ಹಾಯಬೇಕು.

ಯಾವ ಹೊತ್ತಿನಲ್ಲಿ ಹೀಗಾಗುವುದೆಂಬುದು ಕಲ್ಲು ಮುಖಮಾಡಿದ ದಿಕ್ಕನ್ನು ಅವಲಂಬಿಸಿದೆ. ಪೂರ್ವಕ್ಕೆ ಮುಖಮಾಡಿದ ಕಲ್ಲನ್ನು ಎಳೆಬಿಸಿಲಿನಲ್ಲಿ ತೆಗೆಯಬೇಕೆಂದು ಬಹುಮಂದಿಯ ನಂಬಿಕೆ, ಅದು ತಪ್ಪು. ಆಗ ಸೂರ್ಯನು ಕಲ್ಲಿಗೆ ಎದುರಾಗಿರುತ್ತಾನೆ. ಅಂತಹ ಕಲ್ಲಿಗೆ ನಡುಹಗಲಿಗೆ ಸ್ವಲ್ಪ ಮುಂಚೆ, ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುವಾಗ, ಹೋಗಬೇಕು. ಪಶ್ಚಿಮದ ಮುಖಕ್ಕೆ ನಡುಹಗಲು ಕಳೆದ ಕೂಡಲೆ. ದಕ್ಷಿಣಕ್ಕೆ ಮುಖಮಾಡಿದುದಕ್ಕೆ ಬೆಳಗ್ಗೆ ನೋಡುವವನ ಬಲಗಡೆಯಿಂದಲೂ ಸಂಜೆ ಎಡಗಡೆಯಿಂದಲೂ ಓರೆ ಬೆಳಕು ದೊರೆಯುತ್ತದೆ. ಉತ್ತರದ ಮುಖವು ವರ್ಷದ ಬಹುಭಾಗ ನೆರಳಿನಲ್ಲಿರುತ್ತದೆ. ಆದರೆ ಬೆಂಗಳೂರಿನ ಅಕ್ಷಾಂಶ ಸುಮಾರು ೧೩ ಡಿಗ್ರಿಯಾದುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮುಂಗಾರಿನ ಮೋಡಗಳ ನಡುವೆ ಬಿಸಿಲು ಕಂಡ ದಿನ ಆ ಕಲ್ಲಿನ ಬಳಿಗೆ ಓಡಬೇಕು. ನೆಲದ ಮೇಲೆ ಮಲಗಿದ ಕಲ್ಲಿಗೆ ಸೂರ್ಯೋದಯ ಸೂರ್ಯಾಸ್ತಗಳ ಹೊತ್ತೇ ಉತ್ತಮ.

ಒಂದೇ ಬೆಳಕಿನ ಒಂದೇ ಚಿತ್ರವೂ ಸಾಲದು. ಮೇಲಿನಿಂದ ಬೀಳುವ ಬೆಳಕು ಕನ್ನಡ ಅಕ್ಷರದ ತಲೆಕಟ್ಟನ್ನೂ ಅಡ್ಡಗೆರೆಗಳನ್ನೂ ಚೆನ್ನಾಗಿ ತೋರಿಸಿ, ನಿಲುವಿನ ಗೆರೆಗಳನ್ನು ಅಡಗಿಸುತ್ತದೆ. ಪಕ್ಕದ ಬೆಳಕು ಇದಕ್ಕೆ ವಿರುದ್ಧ. ಗುಂಡಾದ ಲಿಪಿಗೆ ಎರಡೂ ಬೇಕು. ಕಲ್ಲು ಗುಡಿಯ ಮೂಲೆಯಲ್ಲಿಯೋ ಮಂಟಪದೊಳಗೋ ಇದ್ದರೆ, ಮೂರ್ತಿಯವರಂತೆ ಕನ್ನಡಿಯೊಂದನ್ನು ಬಿಸಿಲಿನಲ್ಲಿ ಹಿಡಿದು ಬೆಳಕನ್ನು ಪಕ್ಕದಿಂದ ಹಾಯಿಸಬಹುದು. ರಾತ್ರಿಯಲ್ಲಿ ಟಾರ್ಚನ್ನು ಕಲ್ಲಿನ ಬದಿಯಲ್ಲಿ ಹಿಡಿಯಬಹುದು. ಬೆಳಕು ಕೆಳಗಿನಿಂದ ಬಂದರೆ ಮಾತ್ರ ಕಣ್ಣು ಮೋಸಹೋಗಿ, ಕೊರೆದ ಅಕ್ಷರವು ಉಬ್ಬಿದಂತೆ ತೋರುವುದು. ಕೆಲವರು ಗೀರುಗಳಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ತುಂಬಿ ಚಿತ್ರ ತೆಗೆಯುವುದುಂಟು. ತುಂಬುವವನು ಓದಿದ ಅಕ್ಷರ ಮಾತ್ರ ಆಗ ಕಾಣುತ್ತದೆ. ಅವನು 'ಪ'ವನ್ನು 'ವ' ಎಂದು ತಿಳಿದಿದ್ದರೆ ಮುಂದಿನವರೆಲ್ಲರೂ 'ವ' ಎಂದೇ ಓದುತ್ತಾರೆ. ಕಲ್ಲಿಗೂ ಅದರಿಂದ ಹಾನಿ.

ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕಲ್ಲಿನ ಮುಖಕ್ಕೆ ಸಮವಾಗಿ ನಿಲ್ಲಿಸಬೇಕು; ಓರೆಯಾಗಿರಬೇಕಾದುದು ಬೆಳಕು, ಯಂತ್ರವಲ್ಲ. ಮೊದಲು ಕಲ್ಲೂ ಅದರ ಪರಿಸರವೂ ಸೇರಿದ ಒಂದು ಚಿತ್ರ, ಅನಂತರ ಇಡೀ ಕಲ್ಲು, ತರುವಾಯ ಟ್ರೈಪ್ ತಂಜಾವೂರಿನಲ್ಲಿ ಮಾಡಿದಂತೆ ಒಂದರ ಅಂಚು ಇನ್ನೊಂದರಲ್ಲಿ ಸೇರುವ ಹಾಗೆ ಬಿಡಿಬಿಡಿಯಾದ ಭಾಗಗಳು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಚಿತ್ರದೊಡನೆ ಊರು, ಬೀದಿ, ದಿಕ್ಕು, ದಿನಾಂಕಗಳನ್ನು ಬರೆದಿಡದಿದ್ದರೆ ಅರ್ಧ ಶ್ರಮ ವ್ಯರ್ಥ.

ಕಲ್ಲಿಗೆ ಹೇಳಿದುದು ಇತರ ವಸ್ತುಗಳಿಗೂ ಸಲ್ಲುತ್ತದೆ. ಮೇಖ್ರಿ ವೃತ್ತದ ಬಳಿಯ ಕೆಂಪೇಗೌಡರ ಗೋಪುರವು ನಡುಹಗಲಿನಲ್ಲಿ ಚಪ್ಪಟೆಯಾಗಿ ಕಂಡರೆ, ಇಳಿಹೊತ್ತಿನಲ್ಲಿ ಅದರ ಕಂಬಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ಗೂಡುಕಟ್ಟುವ ಕೊಕ್ಕರೆ ಬೆಳ್ಳಕ್ಕಿಗಳನ್ನೂ ಹೆಬ್ಬಾಳದ ಕೆರೆಗೆ ಬರುವ ಹೆಜ್ಜಾರ್ಲೆಗಳನ್ನೂ ಚಿತ್ರಿಸುವವನು ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು, ನೀರಿನ ಮಟ್ಟಕ್ಕೆ ಬಗ್ಗಿ ಕುಳಿತು, ಹಕ್ಕಿಯೇ ತನ್ನತ್ತ ಬರುವವರೆಗೆ ಕಾಯಬೇಕು. ಗೂಡನ್ನು ಸಮೀಪಿಸಿದವನ ಚಿತ್ರಕ್ಕೆ ಮರಿಗಳು ಬೆಲೆ ತೆರುತ್ತವೆ. ಮನೆಯ ಹಿರಿಯರ ಚಿತ್ರಕ್ಕೆ ಅಂಗಳದ ಸುಡುಬಿಸಿಲು ಬೇಡ. ಜಗುಲಿಯ ಅಂಚಿನಲ್ಲಿ, ಪಕ್ಕದಿಂದ ತಂಪಾದ ಬೆಳಕು ಬೀಳುವಲ್ಲಿ, ಅಜ್ಜಿಯನ್ನು ಅವರ ಎಲೆಯಡಿಕೆಯ ತಟ್ಟೆಯೊಡನೆ ಕುಳ್ಳಿರಿಸಿ ಮಾತನಾಡಿಸುತ್ತಿದ್ದರೆ ಮುಖದ ಸುಕ್ಕುಗಳೂ ಶಾಸನದ ಅಕ್ಷರಗಳಂತೆ ತಾವಾಗಿಯೇ ಓದಿಸಿಕೊಳ್ಳುತ್ತವೆ.

೬

ಇಷ್ಟು ಶ್ರಮ ಏತಕ್ಕೆಂದು ಕೇಳುವವರಿಗೆ ಉತ್ತರವು ಆ ೧೯೦೫ರ ಸಂಪುಟದಲ್ಲಿಯೇ ಇದೆ. ಅದರಲ್ಲಿ ಪಾಠ ಅಚ್ಚಾದ ಬೆಂಗಳೂರಿನ ಸುತ್ತಿನ ಕಲ್ಲುಗಳನ್ನು ಹುಡುಕಿಕೊಂಡು ಇತ್ತೀಚಿನ ವರ್ಷಗಳಲ್ಲಿ ಹೊರಟ ಹವ್ಯಾಸಿಗಳಿಗೆ ಅನೇಕವು ದೊರೆಯಲೇ ಇಲ್ಲ. ಯಶವಂತಪುರದಿಂದ ಯಲಹಂಕದವರೆಗೆ ಹಳ್ಳಿಗಳೆಲ್ಲ ಬಡಾವಣೆಗಳಾದುವು. ಹೊಲದ ಅಂಚಿನ ಕಲ್ಲು ಚರಂಡಿಯ ಮೇಲಿನ ಚಪ್ಪಡಿಯಾಯಿತು, ಇಲ್ಲವೆ ತಳಪಾಯಕ್ಕೆ ಇಳಿಯಿತು. ಪಾಠ ಉಳಿಯಿತು, ಕಲ್ಲಿನ ಮುಖ ಉಳಿಯಲಿಲ್ಲ. ರೈಸ್ ಸಾಹೇಬರ ಸಿಬ್ಬಂದಿಯ ಹಿಂದೆ ಒಬ್ಬ ಹವ್ಯಾಸಿ ಕ್ಯಾಮರಾ ಹಿಡಿದು ನಡೆದಿದ್ದರೆ ಇಂದು ಎಷ್ಟೊಂದು ವೀರರ ಆಕೃತಿಗಳು ಕಣ್ಣಮುಂದೆ ಇರುತ್ತಿದ್ದುವು!

ಈ ನಷ್ಟವನ್ನು ಮನಗಂಡವರ ಪ್ರಯತ್ನದಿಂದಲೇ ಹೆಬ್ಬಾಳದ ಕಿತ್ತಯ್ಯನ ಕಲ್ಲಿಗೆ ಊರವರ ನೆರವಿನಿಂದ ಮಂಟಪವಾಯಿತು. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಈ ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕಕ್ಕೆ ಇಳಿಸುವ ಕಾರ್ಯವನ್ನು ಕೈಕೊಂಡಿದೆ. ಆ ಯಂತ್ರವು ಕಲ್ಲಿನ ಒಂದೊಂದು ತಗ್ಗನ್ನೂ ಅಳೆದಿಡುತ್ತದೆ; ತರುವಾಯ ಓದುವವನು ಪರದೆಯ ಮೇಲೆ ಕಲ್ಪಿತವಾದ ದೀಪವೊಂದನ್ನು ಕಲ್ಲಿನ ಸುತ್ತ ತನಗೆ ಬೇಕಾದಂತೆ ತಿರುಗಿಸಿ ಅಕ್ಷರಗಳನ್ನು ಬಿಡಿಸುತ್ತಾನೆ. ಇಷ್ಟು ಮುಂದುವರಿದ ವಿದ್ಯೆಯೂ ಕಟ್ಟಕಡೆಗೆ ಓರೆ ಬೆಳಕಿನ ಆ ಹಳೆಯ ಮರ್ಮವನ್ನೇ ಆಶ್ರಯಿಸಿದೆ. ಆದರೆ ಅಂತಹ ಯಂತ್ರ ಒಂದೊಂದು ಹಿತ್ತಿಲಿಗೂ ಹೋಗಲಾರದು. ಕಲ್ಲು ಇಂತಲ್ಲಿ ಇದೆಯೆಂದು ಮೊದಲು ಸುದ್ದಿ ಮುಟ್ಟಿಸಬೇಕಾದವನು ಆ ಬೀದಿಯಲ್ಲಿ ಓಡಾಡುವ ಹವ್ಯಾಸಿಯೇ.

ಕೆರೆ ಬಯಲುಗಳ ವಿಷಯದಲ್ಲಿಯೂ ಇದೇ ನಡೆದಿದೆ. ಪುಟ್ಟೇನಹಳ್ಳಿ ಕೆರೆಯು ೨೦೧೫ರಲ್ಲಿ ಪಕ್ಷಿಗಳ ಸಂರಕ್ಷಣಾ ಮೀಸಲಾಯಿತು. ೧೮೯೪ರಲ್ಲಿ ಕಟ್ಟಿದ ಹೆಸರಘಟ್ಟದ ಕೆರೆಯ ಬಳಿಯ ಹುಲ್ಲುಗಾವಲನ್ನು ಉಳಿಸಿಕೊಳ್ಳಬೇಕೆಂದು ಛಾಯಾಗ್ರಾಹಕರೂ ಪಕ್ಷಿವೀಕ್ಷಕರೂ ವರ್ಷಗಟ್ಟಲೆ ಹೋರಾಡಿದರು. ಐದು ಸಾವಿರ ಎಕರೆಗಳಿಗೂ ಮಿಗಿಲಾದ ಆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿಯು ೨೦೨೪ರಲ್ಲಿ ಒಪ್ಪಿಗೆ ಕೊಟ್ಟಿತು. ಬರಿಯ ಬಂಜರೆಂದು ಕಾಗದದಲ್ಲಿ ಬರೆದ ನೆಲದಲ್ಲಿ ಎಷ್ಟು ಜೀವಗಳಿವೆಯೆಂಬುದನ್ನು ಋತು ಋತುವಿಗೂ ಹೋಗಿ ತೆಗೆದ ಚಿತ್ರಗಳು ತೋರಿಸಿಕೊಟ್ಟುವು.

ಇಂದು ಪ್ರತಿ ಮನೆಯಲ್ಲಿಯೂ ಟ್ರೈಪ್ ಸಾಹೇಬರು ಕನಸಿನಲ್ಲಿಯೂ ಕಾಣದ ಯಂತ್ರವೊಂದು ಫೋನಿನ ರೂಪದಲ್ಲಿದೆ. ಅದರೊಳಗೆ ಸಾವಿರಾರು ಚಿತ್ರಗಳು ತುಂಬಿವೆ; ಮತ್ತೊಮ್ಮೆ ನೋಡಬೇಕೆನಿಸುವುವು ಹತ್ತು ಇದ್ದರೆ ಹೆಚ್ಚು. ಮುಂದಿನ ಭಾನುವಾರ ಹೊಸ ಯಂತ್ರವನ್ನು ಅರಸಿ ಅಂಗಡಿಗೆ ಹೋಗುವ ಬದಲು, ಊರ ಗುಡಿಯ ಹಿಂದೆ ಒರಗಿದ ಕಲ್ಲಿನ ಬಳಿಗೆ ದಿಕ್ಕನ್ನು ನೋಡಿ, ಹೊತ್ತನ್ನು ಎಣಿಸಿ ಹೋಗಬಹುದು. ಮೊದಲ ದಿನ ಬಿಸಿಲು ಸಿಕ್ಕದಿದ್ದರೆ ಮರುವಾರ ಹೋಗಬಹುದು. ಕಿತ್ತಯ್ಯನು ಬೆಳಕಿಗೆ ಬರಲು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾದನು. ಅವನಂತೆ ಇನ್ನೂ ಎಷ್ಟೋ ಮಂದಿ ಬೀದಿಯ ಮಣ್ಣಿನಲ್ಲಿ ಮುಖ ಮರೆಸಿಕೊಂಡು ಬಿದ್ದಿದ್ದಾರೆ. ಅವರಿಗಾಗಿ ಒಂದು ವಾರ ಕಾಯುವುದು ಹವ್ಯಾಸಿಗೆ ಭಾರವಾಗಲಾರದು.